ಎಂಟನೇ ತಂತಿಗೆ ಜಾಗ ಮಾಡಿದ್ದು: ಒಂದು ಗಿಟಾರ್ ಕಟ್ಟಿದ ಪ್ರಕರಣ

ಈ ಗಿಟಾರ್ ಈಗ ಅದರ ಒಡೆಯರ ಕೈಯಲ್ಲಿದೆ, ಚೆನ್ನಾಗಿಯೇ ನುಡಿಯುತ್ತಿದೆ. ಆದರೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಆಧಾರ) ಹತ್ತಿರ ಕಣ್ಣಿಟ್ಟು ನೋಡಿದರೆ ಎರಡು ಗುಂಡು ಕಲೆ ಕಾಣುತ್ತವೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು. ಹಳೇ ಸ್ಕ್ರೂ ತೂತಿಗೆ ಮರದ ಬೆಣೆ ಹೊಡೆದು ಮುಚ್ಚಿದ ಗುರುತು ಅವು. ಬಣ್ಣ ಬಳಿದು ಮರೆಸಿಬಿಡಬಹುದಿತ್ತು. ಒಡೆಯರು ಬೇಡ ಅಂದರು. ಅದು ಹೇಗೆ ಬಂತು ಅಂತ ಕೊನೆಯವರೆಗೂ ಬಿಡಿಸಿ ಹೇಳುತ್ತೇನೆ. ಗಿಟಾರ್ ಮಾಡಿಸಿದವರು ಯಾರು, ಸಾಮಾನು ಎಲ್ಲಿಂದ ಬಂತು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಹಾಗಾಗಿ ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ತಪ್ಪುಗಳು ಮಾತ್ರ ನನ್ನವೇ.

ಹಿನ್ನೆಲೆ

ಮಾಡಿಸಿದವರು ತುಂಬಾ ವರ್ಷದಿಂದ ಆರು ತಂತಿಯ ಗಿಟಾರ್ ನುಡಿಸುತ್ತಿದ್ದವರು. ಬ್ಯಾಂಡ್‌ನಲ್ಲಿ ಭಾರವಾದ ಮೆಟಲ್ ರಿಫ್, ಮನೆಯಲ್ಲಿ ಒಬ್ಬರೇ ಕೂತಾಗ ಬೆರಳಿನಿಂದ ಮೀಟುವ ಸ್ವಚ್ಛ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು. ಈ ಎರಡೂ ಒಂದೇ ಗಿಟಾರ್‌ನಲ್ಲಿ ಬೇಕು ಅನ್ನುವುದು ಅವರ ಆಸೆ. ಅಲ್ಲಿಯವರೆಗೆ ಇದ್ದ ಗಿಟಾರ್‌ನ ಶ್ರುತಿಯನ್ನೇ ಇಳಿಸಿ ಇಳಿಸಿ ಹೊಂದಿಸಿಕೊಳ್ಳುತ್ತಿದ್ದರು. ದಪ್ಪ ತಂತಿಯ 'ಇ' ಸ್ವರವನ್ನು ಅದಕ್ಕಿಂತ ಕೆಳಗಿನ 'ಬಿ' ಸ್ವರಕ್ಕೆ ಇಳಿಸಿದ್ದರು. ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತಿತ್ತು. ಜೋರಾಗಿ ಮೀಟಿದರೆ ಶ್ರುತಿ ಮೇಲೆ ಹಾರಿ, ಆಮೇಲೆ ಕೆಳಗೆ ಬಂದು ಕೂರುತ್ತಿತ್ತು.

ನನ್ನ ಹತ್ತಿರ ಬಂದಾಗ ಕೇಳಿದ್ದು ನೇರವಾಗಿತ್ತು. "ಎಂಟು ತಂತಿ. ಕೆಳಗಿನದು ಎಫ್ ಶಾರ್ಪ್. ಸಡಿಲ ಆಗಬಾರದು."

ತಂತಿ ಹೆಚ್ಚಿಸುವುದು ಹೊಸ ಹುಚ್ಚೇನಲ್ಲ. 1930ರ ದಶಕದಲ್ಲೇ ಜಾಝ್ ವಾದಕ ಜಾರ್ಜ್ ವ್ಯಾನ್ ಎಪ್ಸ್ ಏಳನೇ ತಂತಿ ಹಾಕಿಸಿಕೊಂಡಿದ್ದರು. ಗಿಟಾರ್ ವಾದಕ ಸ್ಟೀವ್ ವಾಯ್ ಜೊತೆ ಸೇರಿ ಐಬನೆಜ್ ಕಂಪನಿ 1990ರಲ್ಲಿ ಏಳು ತಂತಿಯ ಗಿಟಾರನ್ನು ಮಾರುಕಟ್ಟೆಗೆ ತಂದಿತು. 2007ರಲ್ಲಿ ಅದೇ ಕಂಪನಿಯ ಎಂಟು ತಂತಿಯ ಆರ್‌ಜಿ2228 ಬಂತು. ಅದರ ಸ್ಕೇಲ್ 27 ಇಂಚು. ಸ್ಕೇಲ್ ಅಂದರೆ ಗಿಟಾರ್‌ನ ಕತ್ತಿನ (ನೆಕ್) ತುದಿಯಲ್ಲಿ ತಂತಿಗೆ ಆಧಾರ ಕೊಡುವ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಬಹಳಷ್ಟಕ್ಕೆ ಇದು 25.5 ಇಂಚು, ಮಿಲಿಮೀಟರ್ ಲೆಕ್ಕದಲ್ಲಿ 648. ಒಂದೂವರೆ ಇಂಚು ಯಾಕೆ ಜಾಸ್ತಿ ಮಾಡಿದರು ಅನ್ನುವುದರಲ್ಲೇ ನಮ್ಮ ಸಮಸ್ಯೆಯ ಬೇರು ಇತ್ತು.

ಸಮಸ್ಯೆ ಎಲ್ಲಿತ್ತು

ಗಿಟಾರ್‌ನ ಆರನೇ ತಂತಿ 'ಇ' ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಏಳನೇ ತಂತಿ 'ಬಿ' ಸುಮಾರು 62 ಸಲ. ಎಂಟನೆಯದು 'ಎಫ್ ಶಾರ್ಪ್', ಬರೀ 46 ಸಲ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41. ಅಂದರೆ ಎಂಟನೇ ತಂತಿ ಹಾಕಿದ ಕೂಡಲೇ ಗಿಟಾರ್ ಬೇಸ್ ವಾದಕರ ಕೋಣೆಯೊಳಗೆ ಕಾಲಿಟ್ಟ ಹಾಗೆ. ಈ ಮಾತು ಆಗ ನನಗೆ ಬರೀ ತಮಾಷೆ ಅನ್ನಿಸಿತ್ತು. ಆಮೇಲೆ ಇದೇ ತಲೆನೋವಾಯಿತು.

ತಂತಿಯ ಬಿಗಿ ಮೂರರ ಮೇಲೆ ನಿಂತಿದೆ: ತಂತಿಯ ತೂಕ, ಅದರ ಉದ್ದ, ಅದರ ಶ್ರುತಿ. ಇದರಲ್ಲಿ ಉದ್ದ ಮತ್ತು ಶ್ರುತಿ ವರ್ಗದ ಲೆಕ್ಕದಲ್ಲಿ ಬರುತ್ತವೆ. ಶ್ರುತಿ ಅರ್ಧ ಆದರೆ ಬಿಗಿ ಕಾಲು ಭಾಗಕ್ಕೆ ಇಳಿಯುತ್ತದೆ. ಅದನ್ನು ಮತ್ತೆ ಮೇಲೆ ತರಬೇಕು ಅಂದರೆ ಒಂದೋ ತಂತಿ ದಪ್ಪ ಮಾಡಬೇಕು, ಇಲ್ಲ ಉದ್ದ ಮಾಡಬೇಕು.

ನಾವು 0.074 ಇಂಚಿನ ತಂತಿ ಹಿಡಿದು ಲೆಕ್ಕ ಹಾಕಿದೆವು. 25.5 ಇಂಚಿನ ಸ್ಕೇಲ್‌ನಲ್ಲಿ ಎಫ್ ಶಾರ್ಪ್‌ಗೆ ಬಿಗಿ ಸುಮಾರು 6.4 ಕೆಜಿ. 27 ಇಂಚಿಗೆ 7.2. 28 ಇಂಚಿಗೆ 7.8. ಅವರ ಕೈಗೆ ಒಗ್ಗಿದ್ದ ಆರು ತಂತಿಯ ಗಿಟಾರ್‌ನಲ್ಲಿ 0.046 ಇಂಚಿನ 'ಇ' ತಂತಿಯ ಬಿಗಿ 7.9. ಹಾಗಾದರೆ 28 ಇಂಚೇ ಬೇಕು ಅಂತಾಯ್ತು.

25.5ರಲ್ಲೇ ಇಟ್ಟುಕೊಂಡು 0.080 ಹಾಕಿದರೆ ಆಗಲ್ವಾ ಅಂತ ಅವರು ಕೇಳಿದರು. ಬಿಗಿ ಬರುತ್ತದೆ, ಏಳೂವರೆ ಕೆಜಿ. ಆದರೆ ತಂತಿ ದಪ್ಪ ಆದಷ್ಟೂ ಸರಳಿನ ಹಾಗೆ ಆಡತೊಡಗುತ್ತದೆ. ಮೂಲ ಸ್ವರದ ಜೊತೆಗೇ ಸಣ್ಣಗೆ ನುಡಿಯುವ ಅದರ ಮೇಲಿನ ಉಪಸ್ವರಗಳು ಇರಬೇಕಾದ ಜಾಗಕ್ಕಿಂತ ಚೂರು ಮೇಲೆ ಸರಿಯುತ್ತವೆ. ಕಿವಿಗೆ ನಾದ ಕಲಸಿದ ಹಾಗೆ, ಪಿಯಾನೋದ ಎಡ ತುದಿಯ ಮನೆ ಒತ್ತಿದ ಹಾಗೆ ಕೇಳಿಸುತ್ತದೆ. ಉದ್ದ ಹೆಚ್ಚಿಸಿದರೆ ಆ ತೊಂದರೆ ಕಡಿಮೆ.

ಹಾಗಂತ ಎಲ್ಲ ತಂತಿಯನ್ನೂ 28 ಇಂಚು ಮಾಡಿದರೆ ಇನ್ನೊಂದು ಕಡೆ ಪೆಟ್ಟು. ಮೇಲಿನ ಶ್ರುತಿಯ ತೆಳು 'ಇ' ತಂತಿ, 0.010 ಇಂಚಿನದು, 25.5ರಲ್ಲಿ 7.3 ಕೆಜಿ ಇದ್ದದ್ದು 28ರಲ್ಲಿ 8.9 ಆಗುತ್ತದೆ. ತಂತಿಯನ್ನು ಪಕ್ಕಕ್ಕೆ ಎಳೆದು ಬೆಂಡ್ ಮಾಡುವಾಗ ಬೆರಳು ಕುಯ್ಯುತ್ತದೆ, ನಾದವೂ ಚುಚ್ಚುತ್ತದೆ. ತೆಳು ತಂತಿ ಹಾಕಬಹುದು ನಿಜ, ಆದರೆ ನೆಕ್ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಫ್ರೆಟ್‌ಗಳ ಮಧ್ಯದ ಅಂತರ ಹೆಚ್ಚುವುದನ್ನು ತೆಳು ತಂತಿ ತಡೆಯುವುದಿಲ್ಲ. ಅವರ ಕಾರ್ಡ್‌ಗಳು ಅಗಲಗಲ, ಕಿರುಬೆರಳು ಈಗಾಗಲೇ ಕೊನೆಯ ತುದಿಗೆ ಎಳೆದುಕೊಂಡಿರುತ್ತಿತ್ತು.

ಆಯ್ಕೆ

ದಾರಿ ಎರಡಿತ್ತು. ಎಲ್ಲ ತಂತಿಗೂ 27 ಇಂಚು, ಯಾರಿಗೂ ಪೂರ್ತಿ ಖುಷಿ ಇಲ್ಲ, ಯಾರಿಗೂ ಪೂರ್ತಿ ಬೇಜಾರಿಲ್ಲ. ಇಲ್ಲವೇ ಮಲ್ಟಿಸ್ಕೇಲ್: ಮೇಲಿನ ತಂತಿ 25.5, ಕೆಳಗಿನದು 28, ಮಧ್ಯದವು ಒಂದೊಂದೂ ಅದರದರ ಉದ್ದ. ಆಗ ಫ್ರೆಟ್‌ಗಳು ಸಮಾನಾಂತರವಾಗಿ ಇರುವುದಿಲ್ಲ, ಬೀಸಣಿಗೆಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ನೋಡಲು ಇಂದಿನ ಕಾಲದ್ದು ಅನ್ನಿಸುತ್ತದೆ. ಆದರೆ 16ನೇ ಶತಮಾನದ ಆರ್ಫೇರಿಯನ್ ಅನ್ನುವ ವಾದ್ಯದಲ್ಲೇ ಓರೆ ಫ್ರೆಟ್ ಇತ್ತು. ಗಿಟಾರ್‌ಗೆ ಇದನ್ನು ಹೊಂದಿಸಿ ಗಿಟಾರ್ ತಯಾರಕ ರಾಲ್ಫ್ ನೋವಾಕ್ 1989ರಲ್ಲಿ ಪೇಟೆಂಟ್ ಪಡೆದರು. ಅದರ ಅವಧಿ ಮುಗಿದ ಮೇಲೆ ಈಗ ಯಾರು ಬೇಕಾದರೂ ಮಾಡಬಹುದು.

ಮಲ್ಟಿಸ್ಕೇಲ್ ಅಂತ ನಿರ್ಧಾರ ಆಯಿತು. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಒಂದು ಪ್ರಶ್ನೆ ಉಳಿದಿತ್ತು: ಯಾವ ಫ್ರೆಟ್ ನೇರ ಇರಬೇಕು? ಬೀಸಣಿಗೆಯಲ್ಲಿ ಒಂದೇ ಒಂದು ಫ್ರೆಟ್ ತಂತಿಗೆ ನೆಟ್ಟಗೆ ಅಡ್ಡ ನಿಲ್ಲುತ್ತದೆ. ಅದರಿಂದ ಎಡಕ್ಕೆ ಹೋದಂತೆ ಒಂದು ಕಡೆಗೆ ಓರೆ, ಬಲಕ್ಕೆ ಹೋದಂತೆ ಇನ್ನೊಂದು ಕಡೆಗೆ.

ನಾನು 12ನೇ ಫ್ರೆಟ್ ನೇರ ಇಟ್ಟು ನಕ್ಷೆ ಬರೆದೆ. ಯಾಕೆ ಅಂತ ಕೇಳಿದರೆ ಇವತ್ತು ನನಗೇ ನಾಚಿಕೆ. ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ. 12 ಅಂದರೆ ತಂತಿಯ ನಡುಮಧ್ಯ. ಎರಡೂವರೆ ಇಂಚಿನ ವ್ಯತ್ಯಾಸ ಎರಡೂ ಕಡೆ ಸಮನಾಗಿ ಹಂಚಿಕೊಳ್ಳುತ್ತಿತ್ತು, ನಟ್ ಕಡೆ 32 ಮಿ.ಮೀ., ಬ್ರಿಡ್ಜ್ ಕಡೆ 32 ಮಿ.ಮೀ. ಅವರಿಗೂ ಚಿತ್ರ ಹಿಡಿಸಿತು.

ಪ್ಲೈವುಡ್ ತುಂಡು

ಮರಕ್ಕೆ ಗರಗಸ ಇಡುವ ಮುಂಚೆ ಒಂದು ಕೆಲಸ ಮಾಡಿದೆವು, ಸುಮ್ನೆ ಕುತೂಹಲಕ್ಕೆ. ಮನೆಯಲ್ಲಿ ಬಿದ್ದಿದ್ದ ಪ್ಲೈವುಡ್ ಹಲಗೆಯನ್ನು ನೆಕ್ ಅಗಲಕ್ಕೆ ಕೊಯ್ದು, ಹಿಂಭಾಗ ಅರದಿಂದ ಉಜ್ಜಿ ದುಂಡಗೆ ಮಾಡಿದೆ. ನಟ್ ಹತ್ತಿರ ಅಗಲ 55 ಮಿ.ಮೀ. ಸಾಮಾನ್ಯ ಗಿಟಾರ್‌ನಲ್ಲಿ ಇದು 42, 43 ಇರುತ್ತದೆ. ಮೇಲೆ ಫ್ರೆಟ್‌ಗಳ ಕಾಗದದ ನಕ್ಷೆ ಅಂಟಿಸಿ, ಒಂದೊಂದು ಫ್ರೆಟ್ ಗೆರೆಯ ಮೇಲೂ ತೆಳು ಬಿದಿರು ಕಡ್ಡಿ ಅಂಟಿಸಿದೆ. ತಂತಿ ಇಲ್ಲ, ನಾದ ಇಲ್ಲ. ಬೆರಳಿಗೆ ಮಾತ್ರ ಗಿಟಾರ್.

ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು 7, 9, 12ನೇ ಫ್ರೆಟ್ ಹತ್ತಿರ ಕೈಯಾಡಿಸಿದರು. ಮುಖ ಅರಳಿತು. ಆಮೇಲೆ ಮೊದಲ ಫ್ರೆಟ್‌ಗೆ ಬಂದು ಬಾರ್ ಕಾರ್ಡ್ ಹಿಡಿದರು. ತೋರುಬೆರಳು ಎಂಟು ತಂತಿಯ ಜಾಗದ ಮೇಲೆ ಮಲಗಬೇಕು, ಅದರ ತುದಿ ಓರೆಯಾಗಿ ತಲೆಯ ಕಡೆಗೆ ಚಾಚಬೇಕು. ಬೆರಳು ಹೋಯಿತು. ಅದರ ಹಿಂದೆ ಮಣಿಕಟ್ಟು ತಿರುಚಿಕೊಂಡು ಹೋಯಿತು, ಮೊಣಕೈ ದೇಹದಿಂದ ಆಚೆ ಎದ್ದಿತು. ಅರ್ಧ ನಿಮಿಷ ಹಿಡಿದಿದ್ದರು. ಕೈ ಬಿಟ್ಟು ಮಣಿಕಟ್ಟು ಒತ್ತಿಕೊಂಡರು. "ಇದು ನನ್ನ ಕೈಯಲ್ಲಿ ಆಗಲ್ಲ," ಅಂದರು.

ಇಡೀ ಪ್ರಕರಣದ ಮೊದಲ ತಿರುವು ಇದು. ಅವರ ಸಂಗೀತದಲ್ಲಿ ಅರ್ಧಕ್ಕರ್ಧ ಮೊದಲ ಐದು ಫ್ರೆಟ್ ಒಳಗೇ ಇತ್ತು. ಅದನ್ನು ನಾನು ಕೇಳಿರಲಿಲ್ಲ, ಅವರಿಗೆ ಹೇಳಬೇಕು ಅನ್ನಿಸಿರಲಿಲ್ಲ. ನೇರ ಫ್ರೆಟ್ಟನ್ನು 12ರಿಂದ 7ಕ್ಕೆ ತಂದೆವು. ಈಗ ನಟ್ ಕಡೆ ಓರೆ 32ರಿಂದ 21 ಮಿ.ಮೀ.ಗೆ ಇಳಿಯಿತು. ಕೋನದಲ್ಲಿ ಹೇಳಿದರೆ ಸುಮಾರು 33 ಡಿಗ್ರಿ ಇದ್ದದ್ದು 23 ಆಯಿತು. ಉಳಿದದ್ದೆಲ್ಲ ಬ್ರಿಡ್ಜ್ ಮೇಲೆ ಬಿತ್ತು: ಅಲ್ಲಿ 32 ಇದ್ದದ್ದು 42 ಮಿ.ಮೀ. ಆಯಿತು, ಕೋನ 23ರಿಂದ 30 ಡಿಗ್ರಿಗೆ ಏರಿತು. ಓರೆ ಎಲ್ಲೂ ಮಾಯ ಆಗುವುದಿಲ್ಲ, ಎಡಗೈಯಿಂದ ತೆಗೆದದ್ದನ್ನು ಬಲಗೈ ಹೊರಬೇಕು. ಅವರ ಬಲ ಅಂಗೈ ಬ್ರಿಡ್ಜ್ ಮೇಲೆ ಒರಗಿ ತಂತಿ ಅದುಮುವ ಅಭ್ಯಾಸದ್ದು. ಇನ್ನೊಂದು ಹಲಗೆಗೆ ಓರೆ ಬ್ರಿಡ್ಜ್‌ನ ಆಕಾರ ಅಂಟಿಸಿ ನೋಡಿದೆವು. ಮೊದಲು ಕೊಸರಾಡಿದರು, ಎರಡು ದಿನದಲ್ಲಿ ಅಂಗೈ ತಾನೇ ದಾರಿ ಕಂಡುಕೊಂಡಿತು.

ಹೊಸ ನಕ್ಷೆಯ ಕಾಗದ, ಹೊಸ ಬಿದಿರು ಕಡ್ಡಿ, ಮತ್ತೆ ಬಾರ್ ಕಾರ್ಡ್. ಈ ಸಲ ಹಿಡಿದುಕೊಂಡೇ ನನ್ನ ಜೊತೆ ಐದು ನಿಮಿಷ ಮಾತಾಡಿದರು. ಕೈ ಬಿಡುವುದೇ ಮರೆತಿತ್ತು.

ಪ್ಲೈವುಡ್ ತುಂಡಿನ ಬಗ್ಗೆ ನನಗೆ ಅವತ್ತು ಬಹಳ ಹೆಮ್ಮೆ. ಆ ಹೆಮ್ಮೆಯೇ ಮುಂದೆ ಕೈ ಕೊಟ್ಟಿತು.

ಕಟ್ಟುವಾಗ

ಮರಗೆಲಸದ ಎಲ್ಲ ವಿವರಕ್ಕೆ ಹೋಗುವುದಿಲ್ಲ, ಅದರಲ್ಲಿ ಹೊಸದೇನೂ ಇಲ್ಲ. ನೆಕ್‌ಗೆ ಮೇಪಲ್ ಮತ್ತು ವೆಂಗೆ ಮರದ ಐದು ಪಟ್ಟಿ ಸೇರಿಸಿ ಅಂಟಿಸಿದೆ. ಆರು ತಂತಿ ಸೇರಿ ನೆಕ್ ಮೇಲೆ ಎಳೆಯುವುದು ಸುಮಾರು 46 ಕೆಜಿ. ಎಂಟು ತಂತಿ ಅಂದರೆ 60ರ ಹತ್ತಿರ. ಅದಕ್ಕೆ ಎರಡೂ ಕಡೆ ಬಾಗಿಸಬಹುದಾದ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ ಸರಳು) ಮಧ್ಯದಲ್ಲಿ, ಅದರ ಅಕ್ಕಪಕ್ಕ ಕಾರ್ಬನ್ ಫೈಬರ್‌ನ ಎರಡು ಕಡ್ಡಿ. ತಲೆ ಇಲ್ಲದ ವಿನ್ಯಾಸ ಆರಿಸಿದೆವು. ನೆಕ್ ಉದ್ದ ಆದಾಗ ತುದಿಯಲ್ಲಿ ತಂತಿ ಬಿಗಿಸುವ ಎಂಟು ಟ್ಯೂನರ್ ತೂಗಿದರೆ ಗಿಟಾರ್ ನಿಂತಾಗೆಲ್ಲ ಮೂಗು ಕೆಳಗೆ ಮಾಡುತ್ತದೆ. ಟ್ಯೂನರ್‌ಗಳು ಬ್ರಿಡ್ಜ್ ಕಡೆಗೇ ಬಂದವು, ತಂತಿಗೊಂದರಂತೆ ಎಂಟು ಬಿಡಿ ಬ್ರಿಡ್ಜ್. ಮಲ್ಟಿಸ್ಕೇಲ್‌ಗೆ ಬಿಡಿ ಬ್ರಿಡ್ಜ್ ಅನುಕೂಲ, ಬೇಕಾದ ಓರೆಗೆ ಕೂರಿಸಬಹುದು.

ಒಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಫ್ರೆಟ್ ಕೂರುವ ಗೀರು ಕೊಯ್ಯಲು ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡಿ, ಎರಡು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಜೋಡಿಸಿ, ಫ್ರೆಟ್‌ಬೋರ್ಡ್ ಮೇಲೆ ಅಂಟಿಸಿದ್ದೆ. ನೇರ ಫ್ರೆಟ್ ಆದರೆ ಗರಗಸಕ್ಕೆ ಆಧಾರ ಕೊಡುವ ಪೆಟ್ಟಿಗೆ ಇರುತ್ತದೆ, ಒಂದೇ ಕೋನದಲ್ಲಿ ಸರಸರ ಕೊಯ್ದುಕೊಂಡು ಹೋಗಬಹುದು. ಇಲ್ಲಿ ಒಂದೊಂದು ಗೆರೆಗೂ ಕೋನ ಬೇರೆ, ಹಾಗಾಗಿ ಕಾಗದವೇ ದೇವರು. ಗರಗಸ ಎತ್ತಿಕೊಂಡಿದ್ದೆ. ಯಾಕೋ ಉಕ್ಕಿನ ಅಳತೆಪಟ್ಟಿ ಇಟ್ಟು ದಪ್ಪ ತಂತಿಯ ಕಡೆ 12ನೇ ಫ್ರೆಟ್ ಅಳೆದೆ. 28 ಇಂಚಿನ ಅರ್ಧ 355.6 ಮಿ.ಮೀ. ಬರಬೇಕು. ಪಟ್ಟಿ 345 ತೋರಿಸುತ್ತಿತ್ತು. ಕಣ್ಣುಜ್ಜಿಕೊಂಡು ಮತ್ತೆ ಅಳೆದೆ, 345. ಪ್ರಿಂಟರ್ ತಾನಾಗಿಯೇ ಪುಟಕ್ಕೆ ಹೊಂದಿಸಲು ಚಿತ್ರವನ್ನು ನೂರಕ್ಕೆ 97ಕ್ಕೆ ಕುಗ್ಗಿಸಿತ್ತು. ಎಲ್ಲ ಗೆರೆಯೂ ಒಂದೇ ಪ್ರಮಾಣದಲ್ಲಿ ಕುಗ್ಗಿರುವುದರಿಂದ ಕಣ್ಣಿಗೆ ಏನೂ ವ್ಯತ್ಯಾಸ ಕಾಣದು. ಕೊಯ್ದಿದ್ದರೆ ಒಳ್ಳೇ ಎಬನಿ ಹಲಗೆ ಹೋಗಿಬಿಡುತ್ತಿತ್ತು. ಕಾಗದ ಕಿತ್ತು, ಅಂಟು ಒರೆಸಿ, ಅಳತೆ ಬದಲಿಸದೆ ಪ್ರಿಂಟ್ ಮಾಡು ಅಂತ ಗುಂಡಿ ಒತ್ತಿ, ಮತ್ತೆ ಶುರು ಮಾಡಿದೆ. ಈಗ ನಕ್ಷೆಯ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಇರುವ ಒಂದು ಗೆರೆ ಹಾಕಿಯೇ ಪ್ರಿಂಟ್ ತೆಗೆಯುತ್ತೇನೆ.

ಬೆಣೆ ಹೊಡೆದ ತೂತು

ಬ್ರಿಡ್ಜ್ ಕೂರಿಸಿದ ದಿನ ಎಲ್ಲವೂ ಲೆಕ್ಕದ ಪ್ರಕಾರವೇ ನಡೆಯಿತು. ಲೆಕ್ಕವೇ ತಪ್ಪಿತ್ತು.

ಪುಸ್ತಕದ ಸ್ಕೇಲ್‌ಗೂ ತಂತಿಯ ನಿಜವಾದ ಉದ್ದಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಚೂರು ಎಳೆದುಕೊಂಡು ಶ್ರುತಿ ಏರುತ್ತದೆ. ದಪ್ಪ ತಂತಿ ಬಾಗುವುದಕ್ಕೂ ಹಟ ಮಾಡುತ್ತದೆ, ಅದರಿಂದ ಇನ್ನಷ್ಟು ಏರುತ್ತದೆ. ಇದನ್ನು ಸರಿದೂಗಿಸಲು ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಂಡನ್ನು, ಅಂದರೆ ಸ್ಯಾಡಲನ್ನು ಹಿಂದೆ ಸರಿಸಿ ತಂತಿಯ ಉದ್ದ ಹೆಚ್ಚಿಸುತ್ತೇವೆ. ತೆಳು ತಂತಿಗೆ ಒಂದೆರಡು ಮಿ.ಮೀ. ಸಾಕು. ದಪ್ಪ ತಂತಿಗೆ ಜಾಸ್ತಿ. ಆರು ತಂತಿಯ ಗಿಟಾರ್ ಕಟ್ಟುವವರಿಗೆಲ್ಲ ಇದು ಗೊತ್ತು. ನನಗೂ ಗೊತ್ತಿತ್ತು.

ಗೊತ್ತಿದ್ದೂ ಎಂಟು ಬಿಡಿ ಬ್ರಿಡ್ಜ್‌ಗಳನ್ನು ಒಂದೇ ಓರೆ ಗೆರೆಯ ಮೇಲೆ, ಸ್ಯಾಡಲ್ ಓಡಾಟದ ನಡುಮಧ್ಯಕ್ಕೆ ಹೊಂದಿಸಿ ಕೂರಿಸಿದೆ. ಗೆರೆ ಅಷ್ಟು ಚೆಂದ ಇತ್ತು. ಪ್ರತಿ ಸ್ಯಾಡಲ್‌ಗೂ ಹಿಂದೆ 4 ಮಿ.ಮೀ., ಮುಂದೆ 4 ಮಿ.ಮೀ. ಜಾಗ. ಇಷ್ಟು ಸಾಕು ಅನ್ನಿಸಿತು.

ತಂತಿ ಕಟ್ಟಿ, ಶ್ರುತಿ ಕೂಡಿಸಿ, ಒಂದೊಂದೇ ತಂತಿಯ 12ನೇ ಫ್ರೆಟ್ ಪರೀಕ್ಷೆ ಮಾಡುತ್ತಾ ಬಂದೆ. ಅಲ್ಲಿ ಒತ್ತಿದರೆ ಖಾಲಿ ತಂತಿಯ ಸ್ವರವೇ ಸರಿಯಾಗಿ ಒಂದು ಸಪ್ತಕ ಮೇಲೆ ಬರಬೇಕು. ಒಂದರಿಂದ ಆರು ಸುಸೂತ್ರ. ಏಳನೆಯದು ಸ್ಯಾಡಲ್ ಪೂರ್ತಿ ಹಿಂದೆ ಹೋದ ಮೇಲೆ ಕೂತಿತು. ಎಂಟನೆಯದರ ಸ್ಯಾಡಲ್ ಹಿಂದಿನ ಗೋಡೆಗೆ ತಾಗಿ ಟಕ್ ಅಂದಿತು. ಶ್ರುತಿ ಅಳೆಯುವ ಟ್ಯೂನರ್ ಯಂತ್ರದ ಮುಳ್ಳು ಇನ್ನೂ 9 ಸೆಂಟ್ ಮೇಲೆ ನಿಂತಿತ್ತು. ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ. 9 ಕಡಿಮೆ ಅನ್ನಿಸಬಹುದು. ಆದರೆ ಅವರು ಎಂಟನೇ ತಂತಿಯ 12ನೇ ಫ್ರೆಟ್ ಒತ್ತಿ, ಜೊತೆಗೆ ಮೇಲಿನ ತಂತಿಯಲ್ಲಿ ಅದೇ ಸ್ವರ ನುಡಿಸಿದರೆ ಎರಡೂ ಜಗಳ ಆಡುವುದು ಯಾರಿಗಾದರೂ ಕೇಳುತ್ತಿತ್ತು.

ಸ್ಕ್ರೂಡ್ರೈವರ್ ತಿರುಗಿಸುತ್ತಲೇ ಇದ್ದೆ, ಸ್ಯಾಡಲ್ ಅಲುಗಲಿಲ್ಲ. ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಕೈಗೆ ಏನು ಬೇಕು ಅಂತ ಪ್ಲೈವುಡ್‌ನಲ್ಲಿ ಎರಡು ವಾರ ಪರೀಕ್ಷೆ ಮಾಡಿದ್ದೆ. ತಂತಿಗೆ ಏನು ಬೇಕು ಅಂತ ಒಂದು ಗಂಟೆ ಕೂಡ ಪರೀಕ್ಷೆ ಮಾಡಿರಲಿಲ್ಲ. ಪ್ಲೈವುಡ್ ಮೇಲೆ ತಂತಿಯೇ ಇರಲಿಲ್ಲವಲ್ಲ.

ಮೊದಲು ಅಡ್ಡದಾರಿ ಹುಡುಕಿದೆ. ತೆಳು ತಂತಿ ಹಾಕಿದೆ, 0.070. ಟ್ಯೂನರ್ ಮುಳ್ಳು ಚೂರು ಕೆಳಗೆ ಬಂತು, ಆದರೆ ತಂತಿ ಸಡಿಲ ಆಯಿತು. ಅವರು ಮೊದಲ ದಿನ ಹೇಳಿದ್ದ ಮೂರು ಮಾತಿನಲ್ಲಿ ಕೊನೆಯದೇ ಅದು, "ಸಡಿಲ ಆಗಬಾರದು". ಸ್ಯಾಡಲ್ ಒಳಗಿನ ಸ್ಪ್ರಿಂಗ್ ತೆಗೆದೆ, ಅರ್ಧ ಮಿ.ಮೀ. ಸಿಕ್ಕಿತು. ಸಾಲದು.

ಆಮೇಲೆ ಸುಮ್ಮನೆ ಕೂತು ಲೆಕ್ಕ ಹಾಕಿದೆ. ಈ ಉದ್ದದ ತಂತಿಯಲ್ಲಿ ಸ್ಯಾಡಲ್ 1 ಮಿ.ಮೀ. ಸರಿದರೆ ಸುಮಾರು 2.4 ಸೆಂಟ್ ಬದಲಾಗುತ್ತದೆ. 9 ಸೆಂಟ್‌ಗೆ ಇನ್ನೂ ಹೆಚ್ಚು ಕಡಿಮೆ 3.7 ಮಿ.ಮೀ. ಬೇಕು. ಮುಂದೆ ಯಾವತ್ತೋ ಇನ್ನೂ ದಪ್ಪ ತಂತಿ ಹಾಕುವ ಆಸೆ ಅವರಿಗೆ ಬಂದರೆ ಅದಕ್ಕೂ ಜಾಗ ಇರಬೇಕು. ಏಳು ಮತ್ತು ಎಂಟನೇ ಬ್ರಿಡ್ಜ್ ಎರಡನ್ನೂ ಬಿಚ್ಚಿ 6 ಮಿ.ಮೀ. ಹಿಂದೆ ಹಾಕಬೇಕು ಅಂತ ತೀರ್ಮಾನ ಮಾಡಿದೆ.

ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನೀವು ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗ್ತಿತ್ತಾ?"

"ಒಂದು ತಿಂಗಳಲ್ಲಿ ಗೊತ್ತಾಗ್ತಿತ್ತು."

"ಹಾಗಾದ್ರೆ ಬಿಚ್ಚಿ."

ಅದೇ ಬಾಡಿಯ ಮರದ ಚೂರಿನಿಂದ ಬೆಣೆ ಮಾಡಿ, ನಾರು ಒಂದೇ ದಿಕ್ಕಿಗೆ ಬರುವಂತೆ ತೂತಿಗೆ ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಉಳಿಯಿಂದ ಸಮ ಮಾಡಿ, ಹೊಸ ತೂತು ಕೊರೆದೆ. ಹಳೇ ತೂತುಗಳಲ್ಲಿ ಹಿಂಬದಿಯವು ಬ್ರಿಡ್ಜ್ ಅಡಿಗೆ ಮುಚ್ಚಿಹೋದವು. ಮುಂಬದಿಯ ಎರಡು ಹೊರಗೆ ಉಳಿದವು. ಎಂಟು ಬ್ರಿಡ್ಜ್‌ನ ಚೆಂದದ ಗೆರೆ ಕೊನೆಯಲ್ಲಿ ಮುರಿದಿದೆ, ಕೊನೆಯ ಎರಡು ಸಾಲು ತಪ್ಪಿ ನಿಂತ ಮಕ್ಕಳ ಹಾಗೆ ಹಿಂದೆ ಇವೆ. ತಂತಿಯ ಲೆಕ್ಕದಲ್ಲಿ ಅದೇ ಸರಿಯಾದ ಸಾಲು.

ನಾದದ ಗೊಂದಲ

ಗಿಟಾರ್ ಮನೆಗೆ ಹೋದ ಹತ್ತು ದಿನಕ್ಕೆ ಇನ್ನೊಂದು ದೂರು. ಎಂಟನೇ ತಂತಿ ಮಂಕು. ಒಂದು ಸ್ವರ ನುಡಿಸಿದರೆ ಗುಡುಗು, ರಿಫ್ ನುಡಿಸಿದರೆ ಕೆಸರು.

ನನ್ನ ಅನುಮಾನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಪಿಕಪ್ ಮೇಲೆ ಹೋಯಿತು. ಓರೆ ಬ್ರಿಡ್ಜ್ ಇದ್ದಲ್ಲಿ ಪಿಕಪ್ ಕೂಡ ಓರೆ ಕೂರುತ್ತದೆ. ತಂತಿಗೊಂದು ಗುಂಡು ಮ್ಯಾಗ್ನೆಟ್ ಇರುವ ಪಿಕಪ್ ಆದರೆ ತಂತಿ ಮ್ಯಾಗ್ನೆಟ್ ಮೇಲೆ ಸರಿಯಾಗಿ ಬೀಳದೆ ಹೋಗಬಹುದು ಅಂತ ಮೊದಲೇ ಅಡ್ಡ ಪಟ್ಟಿ ಇರುವ ಪಿಕಪ್ ಹಾಕಿದ್ದೆ. ಅದರ ಎತ್ತರ ಇಳಿಸಿದೆ. ಸ್ವಲ್ಪ ವಾಸಿ. ಕೊನೆಗೆ ಕಡಿಮೆ ಔಟ್‌ಪುಟ್ ಇರುವ ಇನ್ನೊಂದು ಜೋಡಿ ತರಿಸಿ, ಬೆಸುಗೆ ಬಿಚ್ಚಿ, ಬದಲಿಸಿದೆ. ಕೆಸರು ಅಷ್ಟೇ ಇತ್ತು. ಆ ದುಡ್ಡು, ಆ ಎರಡು ದಿನ ದಂಡ.

ತಿರುವು ಕೊಟ್ಟಿದ್ದು ಅವರ ಬ್ಯಾಂಡ್‌ನ ಬೇಸ್ ವಾದಕರು. ಅಭ್ಯಾಸದ ಮಧ್ಯೆ ಎದ್ದು ಬಂದು ಗಿಟಾರ್ ಆಂಪ್‌ನ (ಆಂಪ್ಲಿಫೈಯರ್) ಬೇಸ್ ಗುಂಡಿಯನ್ನು ಸುಮಾರು ಮುಕ್ಕಾಲಿನಿಂದ ಕಾಲಿಗೆ ತಿರುಗಿಸಿದರಂತೆ. "ಅದು ನನ್ನ ಕೆಲಸ, ನೀವು ಯಾಕೆ ಮಾಡ್ತೀರಿ?" ಅಂದರಂತೆ. ಕೆಸರು ತಿಳಿಯಾಯಿತು.

ಕಾರಣ ಆಮೇಲೆ ಹೊಳೆಯಿತು. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್‌ಗಳು ಬಹಳಷ್ಟು 75 ಹರ್ಟ್ಜ್ (ಸೆಕೆಂಡಿಗೆ 75 ಕಂಪನ) ಆಸುಪಾಸಿನಿಂದ ಕೆಳಗೆ ಕೈಚೆಲ್ಲುತ್ತವೆ. 46 ಹರ್ಟ್ಜ್‌ನ ಮೂಲ ಸ್ವರವನ್ನು ಅವು ಸರಿಯಾಗಿ ಕೊಡಲಾರವು. ನಾವು ಕೇಳುವುದು ಅದರ ಮೇಲಿನ 92, 139 ಹರ್ಟ್ಜ್‌ನ ಉಪಸ್ವರಗಳನ್ನು. ಅವನ್ನು ಕೇಳಿ ಮೂಲ ಸ್ವರ ಇದೆ ಅಂತ ಕಿವಿ ಊಹಿಸಿಕೊಳ್ಳುತ್ತದೆ. ಬೇಸ್ ಗುಂಡಿ ಏರಿಸಿದಷ್ಟೂ ಸ್ಪೀಕರ್ ಕೊಡಲಾಗದ್ದನ್ನು ಕೊಡು ಅಂತ ಒತ್ತಾಯ ಮಾಡಿದ ಹಾಗೆ. ಜೊತೆಗೆ ನಾದವನ್ನು ಬೇಕೆಂದೇ ಒರಟು ಮಾಡುವ ಡಿಸ್ಟಾರ್ಷನ್‌ಗೆ ಹೋಗುವ ಮುಂಚೆಯೇ ಕೆಳಗಿನ ಸ್ವರ ಜಾಸ್ತಿ ಇದ್ದರೆ ಉಳಿದೆಲ್ಲವನ್ನೂ ಅದು ನುಂಗಿಹಾಕುತ್ತದೆ. ಟ್ಯೂಬ್ ಸ್ಕ್ರೀಮರ್ ಅನ್ನುವ, ಕಾಲಿನಿಂದ ಒತ್ತುವ ಪೆಡಲ್ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದನ್ನು ಡಿಸ್ಟಾರ್ಟ್ ಆಗುವ ಮುಂಚೆ ತಗ್ಗಿಸುತ್ತದೆ. ಮೆಟಲ್ ವಾದಕರು ಅದನ್ನು ಆಂಪ್ ಮುಂದೆ ಇಡುವುದು ಇದಕ್ಕೇ. ಇವರೂ ಒಂದು ತಂದು ಇಟ್ಟರು.

ಹಳೇ ಪಿಕಪ್ ಮತ್ತೆ ಹಾಕಿದ್ದೇನೆ. ಮೊದಲಿಂದಲೂ ಅದೇ ಚೆನ್ನಾಗಿತ್ತು.

ಆಮೇಲೆ

ಈಗ ಹೊಸಬರು ಬಂದು ಎಂಟು ತಂತಿ, ಓರೆ ಫ್ರೆಟ್ ಅಂದರೆ ನಾನು ಕೇಳುವ ಮೊದಲ ಪ್ರಶ್ನೆ ಮರದ ಬಗ್ಗೆ ಅಲ್ಲ. ಯಾವ ಫ್ರೆಟ್ ಹತ್ತಿರ ಜಾಸ್ತಿ ಹೊತ್ತು ಇರುತ್ತೀರಿ, ಬಲ ಅಂಗೈ ಎಲ್ಲಿ ಒರಗುತ್ತದೆ, ಯಾವ ಆಂಪ್, ಜೊತೆಗೆ ಬೇಸ್ ವಾದಕರು ಇದ್ದಾರಾ. ಯಾವ ಫ್ರೆಟ್ ನೇರ ಅನ್ನುವುದು ಇದರ ಉತ್ತರದಿಂದ ಬರುತ್ತದೆ. ಎಲ್ಲರಿಗೂ 7 ಹೊಂದುವುದಿಲ್ಲ. ಮೇಲಿನ ಫ್ರೆಟ್‌ಗಳಲ್ಲೇ ಸೋಲೋ ನುಡಿಸುವವರಿಗೆ 12 ಕೂಡ ಸರಿ ಹೋಗಬಹುದು. ತಂತಿಯ ದಪ್ಪ ಮೊದಲೇ ಗೊತ್ತಿರಬೇಕು. ಆಮೇಲೆ ಬದಲಿಸುತ್ತೇನೆ ಅಂದರೆ ಬ್ರಿಡ್ಜ್‌ನ ಜಾಗವೂ ಬದಲಾಗುತ್ತದೆ.

ಪ್ಲೈವುಡ್ ನೆಕ್ ಇನ್ನೂ ಇದೆ. ಅದರ ಪಕ್ಕದಲ್ಲಿ ಈಗ ಇನ್ನೊಂದು ಉದ್ದ ಹಲಗೆ ತೂಗುಹಾಕಿದ್ದೇನೆ. ಅದರ ಮೇಲೆ ಒಂದೇ ತಂತಿ, ಒಂದು ಪಿಕಪ್, 12ನೇ ಫ್ರೆಟ್ ಜಾಗದಲ್ಲಿ ಒಂದು ಫ್ರೆಟ್ ತುಂಡು. ಬ್ರಿಡ್ಜ್ ಹಲಗೆಯ ಉದ್ದಕ್ಕೂ ಜಾರುತ್ತದೆ. ಯಾವ ದಪ್ಪದ ತಂತಿಗೆ ಎಷ್ಟು ಹಿಂದೆ ಸರಿಯಬೇಕು ಅಂತ ಗರಗಸ ಎತ್ತುವ ಮೊದಲೇ ಗೊತ್ತಾಗುತ್ತದೆ. ನೋಡಲು ದರಿದ್ರವಾಗಿದೆ, ಕೆಲಸ ಮಾತ್ರ ಮಾಡುತ್ತದೆ.

ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ. ಒಂಬತ್ತು ತಂತಿ ಬೇಕಂತೆ, ಕೆಳಗಿನದು ಸಿ ಶಾರ್ಪ್, 34.6 ಹರ್ಟ್ಜ್. ಹಲಗೆಗೆ ಆ ತಂತಿ ಕಟ್ಟಿ, ಬ್ರಿಡ್ಜ್ 28 ಇಂಚಿಗೆ ತಂದು, ಅವನದೇ ಆಂಪ್‌ಗೆ ಜೋಡಿಸಿ ಕೈಗೆ ಕೊಟ್ಟೆ. ಅರ್ಧ ಗಂಟೆ ಮೀಟಿದ. ಬ್ರಿಡ್ಜ್ ಇನ್ನೂ ಹಿಂದೆ ಜಾರಿಸಿದ, ಮತ್ತೆ ಮೀಟಿದ. ಕೊನೆಗೆ ತಂತಿ ಸಡಿಲಿಸಿ ಎಫ್ ಶಾರ್ಪ್‌ನ ತಂತಿ ಕಟ್ಟಿಕೊಡಿ ಅಂದ.